ಮಾವನವರ ಕಿವಿ, ನನ್ನ ಕಾರು

ನನಗೆ ಸುಮ್ಮನೆ ಕೂತಿರಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಊಟಕ್ಕೆ ಕೂತರೆ ನಡುವೆ ಒಮ್ಮೆ ಎದ್ದು ಸ್ಟೌ ಆರಿದೆಯೇ ಎಂದು ನೋಡಿ ಬರುತ್ತೇನೆ. ಮದುವೆ ಮನೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ಮಂಟಪದ ಕಡೆ ನೋಡುತ್ತಿದ್ದರೆ ನಾನು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಕಡೆ ನೋಡುತ್ತಿರುತ್ತೇನೆ. ಗೋಡೆಯ ಗಡಿಯಾರ ಎರಡು ನಿಮಿಷ ಹಿಂದೆ ಇದ್ದರೆ ಅದನ್ನು ಬಿಚ್ಚುತ್ತೇನೆ, ಆಮೇಲೆ ಅದು ಹಿಂದೆಯೂ ಇರುವುದಿಲ್ಲ, ಮುಂದೆಯೂ ಇರುವುದಿಲ್ಲ, ನಿಂತೇ ಇರುತ್ತದೆ. ಇಂಥ ಸ್ವಭಾವದವನು ಜೀವನದಲ್ಲಿ ಏನನ್ನು ಬೇಕಾದರೂ ಕೊಳ್ಳಬಹುದು, ಹಳೆಯ ಕಾರನ್ನು ಮಾತ್ರ ಕೊಳ್ಳಬಾರದು. ಹಳೆಯ ಕಾರು ಇಟ್ಟುಕೊಳ್ಳುವವನಿಗೆ ಕಿವಿ ಸ್ವಲ್ಪ ಮಂದವಾಗಿರಬೇಕು, ಮನಸ್ಸು ಸ್ವಲ್ಪ ದಪ್ಪವಾಗಿರಬೇಕು. ನನಗೆ ಎರಡೂ ಇರಲಿಲ್ಲ. ಆದರೂ ಕೊಂಡೆ.

ಆಗಲೂ ಈಗಲೂ ನಾನು ಪೀಣ್ಯದ ಒಂದು ಕಾರ್ಖಾನೆಯ ತಪಾಸಣಾ ವಿಭಾಗದವನು. ಯಂತ್ರಗಳ ಹಲ್ಲುಚಕ್ರ ತಯಾರಿಸುವ ಕಾರ್ಖಾನೆ. ತಯಾರಾಗಿ ಬಂದ ಚಕ್ರವನ್ನು ಅಳೆದು, ತಲೆಗೂದಲಿನ ದಪ್ಪದ ಕಾಲುಭಾಗದಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು ನನ್ನ ಉದ್ಯೋಗ. ಬೆನ್ನ ಹಿಂದೆ ನನ್ನನ್ನು ‘ಕೆಂಪು ಡಬ್ಬಿ’ ಎಂದು ಕರೆಯುತ್ತಿದ್ದರಂತೆ. ಅಂಥ ನಾನು, ನಮ್ಮ ಖರೀದಿ ವಿಭಾಗದ ಹಿರಿಯರೊಬ್ಬರ ಹದಿನೇಳು ವರ್ಷದ ಕಾರನ್ನು ಹತ್ತೇ ನಿಮಿಷದಲ್ಲಿ ಪಾಸು ಮಾಡಿಬಿಟ್ಟೆ. ಸೀಟಿನ ಮೇಲೆ ಹೊಸ ಹೂವಿನ ಬಟ್ಟೆ ಹೊದಿಸಿದ್ದರು. ಒಳಗೆ ಊದುಬತ್ತಿಯ ವಾಸನೆ ಬರುತ್ತಿತ್ತು. ಬೀಗದ ಕೈ ಕೊಡುವಾಗ ಅವರು ಒಂದು ಹಗ್ಗ, ಒಂದು ಟಾರ್ಚು, ಒಂದು ನೀರಿನ ಕ್ಯಾನು, ಚಕ್ರಕ್ಕೆ ಅಡ್ಡ ಕೊಡುವ ಎರಡು ಕಲ್ಲು ಇವಿಷ್ಟನ್ನೂ ಡಿಕ್ಕಿಯಲ್ಲಿ ಇಟ್ಟು, “ಇವೂ ಇರಲಿ ಬಿಡ್ರಿ, ಇವಕ್ಕೇನೂ ಕೊಡಬೇಡಿ” ಎಂದರು. ಎಂಥ ಉದಾರಿ ಎಂದುಕೊಂಡೆ. ಕಾರಿನಲ್ಲಿ ನಿಜಕ್ಕೂ ಕೆಲಸ ಮಾಡುತ್ತಿದ್ದ ವಸ್ತುಗಳು ಅವು ನಾಲ್ಕೇ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು.

ನಮ್ಮ ಮನೆ ಟಿ. ದಾಸರಹಳ್ಳಿಯಲ್ಲಿ. ಅಲ್ಲಿಂದ ಒಂದು ಮೈಲಿ ದೂರದಲ್ಲಿ ಬಚ್ಚಣ್ಣನ ಶೆಡ್ಡು. ಬಚ್ಚಣ್ಣ ಆ ಕಡೆಯ ಹಳ್ಳಿಯವನೇ. ಅವನ ರಾಗಿ ಹೊಲವೆಲ್ಲ ಕೈಗಾರಿಕಾ ಬಡಾವಣೆಗೆ ಹೋದ ಮೇಲೆ, ರಸ್ತೆ ಪಕ್ಕ ಉಳಿದ ತುಂಡು ಜಾಗದಲ್ಲಿ ತಗಡು ಹೊದಿಸಿ ರಿಪೇರಿ ಕೆಲಸ ಹಿಡಿದಿದ್ದ. ಕೈ ಶುದ್ಧ, ಮಾತೂ ಒಳ್ಳೆಯದು. ಏನೇ ಕೆಟ್ಟಿರಲಿ, ಅವನ ಮೊದಲ ಮಾತು “ಏನಿಲ್ಲ ಸಾರ್” ಎಂದೇ ಶುರುವಾಗುತ್ತಿತ್ತು. “ಏನಿಲ್ಲ ಸಾರ್, ಸೆಲ್ಫು ಓಗೈತೆ.” “ಏನಿಲ್ಲ ಸಾರ್, ರೇಡಿಯೇಟರ್ ತೂತಾಗೈತೆ.” ಆ ಏನಿಲ್ಲಕ್ಕೆ ಎಷ್ಟಾಗುತ್ತದೆ ಎಂದು ಬೇಗನೆ ಕಲಿತೆ. ರೇಡಿಯೇಟರಿಗೆ ಬೆಸುಗೆ ಹಾಕಿಸಿದ್ದಕ್ಕೆ ಅರ್ಧ ತಿಂಗಳ ಬಾಡಿಗೆ. ಡೈನಮೋಗೆ ತಂತಿ ಸುತ್ತಿಸಿದ್ದಕ್ಕೆ ಹೆಂಡತಿ ಶಾರದೆಗೆ ದೀಪಾವಳಿಗೆಂದು ಹೇಳಿಟ್ಟಿದ್ದ ಸೀರೆ. ಕ್ಲಚ್ ಪ್ಲೇಟು ಒಂದು ವರ್ಷದಲ್ಲಿ ಎರಡು ಸಲ ಸವೆಯಿತು, ಎರಡನೆಯ ಸಲ ಬಚ್ಚಣ್ಣನೇ ತಲೆ ಕೆರೆದುಕೊಂಡು, “ಇದೆಂಗೆ ಸಾರ್ ಇಷ್ಟು ಬೇಗ? ಲಾರೀಲೂ ಇಂಗೆ ಸವೆಯಾಕಿಲ್ಲ” ಎಂದ. ನಾನು ಬಿಡಿಭಾಗ ಮಾರುವವನು ಮೋಸ ಮಾಡಿದ್ದಾನೆ ಎಂದು ಅರ್ಧ ಗಂಟೆ ಭಾಷಣ ಮಾಡಿದೆ.

ರಿಪೇರಿಯಾದ ಕಾರಿನಲ್ಲಿ ಕೂತರೂ ನನಗೆ ನೆಮ್ಮದಿಯಿರಲಿಲ್ಲ. ಎಡಗಡೆ ಏನೋ ಕಟಕಟ ಎಂದಂತಾಗುತ್ತಿತ್ತು. ನಿಲ್ಲಿಸಿ, ಇಳಿದು, ಚಕ್ರ ಒದ್ದು, ಮತ್ತೆ ಹತ್ತುತ್ತಿದ್ದೆ. ಆಗ ಬಲಗಡೆ ಕೇಳಿಸುತ್ತಿತ್ತು. ಶಾರದೆ ಮೊದಮೊದಲು ನನ್ನ ಜತೆ ಕಿವಿಗೊಟ್ಟು ಕೇಳುತ್ತಿದ್ದಳು. ಆಮೇಲೆ ಕಾರು ನಿಂತಾಗ ಓದುವುದಕ್ಕೆಂದು ಚೀಲದಲ್ಲಿ ಒಂದು ವಾರಪತ್ರಿಕೆ ಇಟ್ಟುಕೊಳ್ಳಲು ಶುರು ಮಾಡಿದಳು. ವರ್ಷ ಮುಗಿಯುವಷ್ಟರಲ್ಲಿ ಪತ್ರಿಕೆ ಸಾಲದೆ ಕಾದಂಬರಿಗೆ ಬಂದಿದ್ದಳು.

ಎರಡನೆಯ ವರ್ಷ ಕಾರಿಗೆ ಹೊಸ ರೋಗ ಅಂಟಿತು. ಚೆನ್ನಾಗಿ ಹೊರಡುತ್ತಿತ್ತು. ಮೂರು ನಾಲ್ಕು ಮೈಲಿ ಹೋದ ಮೇಲೆ ಎರಡು ಸಲ ಕೆಮ್ಮಿ, ಮುಂದಕ್ಕೊಮ್ಮೆ ಜಗ್ಗಿ, ನಿಂತುಬಿಡುತ್ತಿತ್ತು. ಪೆಟ್ರೋಲು ಎಷ್ಟಿದೆ ಎಂದು ತೋರಿಸುವ ಮುಳ್ಳು ಎಂದೋ ಸತ್ತಿದ್ದರಿಂದ ನಾನು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಅದ್ದಿ ನೋಡುತ್ತಿದ್ದೆ. ಆ ಕೋಲಿಗೆ ಕಾರ್ಖಾನೆಯ ಅಳತೆಪಟ್ಟಿ ಹಿಡಿದು ನಾನೇ ಗೆರೆ ಕೊರೆದಿದ್ದೆ. ಪೆಟ್ರೋಲು ಇರುತ್ತಿತ್ತು. ಮುಚ್ಚಳ ಬಿಗಿ ಮಾಡಿ, ಪ್ಲಗ್ಗು ಒರೆಸಿಯೋ ಪೆಟ್ರೋಲು ಎಳೆಯುವ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಯೋ ನೋಡಿದರೆ ಸ್ವಲ್ಪ ಹೊತ್ತಿಗೆ ಕಾರು ಶುರುವಾಗುತ್ತಿತ್ತು. ಬಚ್ಚಣ್ಣನ ಶೆಡ್ಡಿಗೆ ಹೋದರೆ ಅಲ್ಲಿ ಅದು ಬಹಳ ಸಾಧು. ಅವನು ಕಾರ್ಬೊರೇಟರು ಬಿಚ್ಚಿ ತೊಳೆದ. ಪಂಪು ಬದಲಾಯಿಸಿದ. ಪೈಪು ಊದಿದ. ಕಾಯಿಲು ಹೊಸದು ಹಾಕಿದ. ಕೊನೆಗೆ ಒಂದು ದಿನ “ಏನಿಲ್ಲ ಸಾರ್” ಎಂದು ಬಾಯಿ ತೆಗೆದವನು ಮುಂದಿನ ಮಾತು ಸಿಗದೆ, “ದಿಟವಾಗ್ಲೂ ಏನೂ ಕಾಣಾಕಿಲ್ಲ” ಎಂದು ಕೈ ಒರೆಸಿಕೊಂಡ. ಅವನ ಲೆಕ್ಕದಲ್ಲಿ ಅದು ಸೋಲು, ಆದ್ದರಿಂದ ಆ ದಿನ ದುಡ್ಡು ಮುಟ್ಟಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

ಇಷ್ಟರಲ್ಲಿ ಮಾವನವರ ಕಣ್ಣಿನ ವಿಷಯ ಬಂತು. ಶಾರದೆಯ ತಂದೆ ನಂಜುಂಡಯ್ಯನವರು ರೈಲ್ವೆಯಲ್ಲಿ ಮೂವತ್ತೈದು ವರ್ಷ ಉಗಿ ಇಂಜಿನ್ ಓಡಿಸಿ ಅರಸೀಕೆರೆಯಲ್ಲಿ ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ನೆರಳಿನಂತೆ ಕಾಣತೊಡಗಿದ ಮೇಲೆ ನಮ್ಮಲ್ಲೇ ಇದ್ದರು. ಕಣ್ಣು ಹೋದಷ್ಟೂ ಕಿವಿ ಚುರುಕಾಗಿತ್ತು. ಜಗಲಿಯಲ್ಲಿ ಕೂತು, ತುಮಕೂರು ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ ಅದರಲ್ಲಿ ಹೊರೆ ಇದೆಯೋ ಇಲ್ಲವೋ ಹೇಳುತ್ತಿದ್ದರು. ಶಸ್ತ್ರಚಿಕಿತ್ಸೆ ಎಂದರೆ ಮಾತ್ರ ಆ ಕಿವಿ ಕೇಳುತ್ತಿರಲಿಲ್ಲ. ಒಮ್ಮೆ ಆಷಾಢ, ಒಮ್ಮೆ ಚಳಿ, ಒಮ್ಮೆ ಯಾರದೋ ಮದುವೆ. ಮೂರು ವರ್ಷ ಹೀಗೆ ತಳ್ಳಿದವರನ್ನು ಶಾರದೆ ಹೇಗೋ ಒಪ್ಪಿಸಿ, ಊರೊಳಗಿನ ಕಣ್ಣಾಸ್ಪತ್ರೆಯಲ್ಲಿ ನಾಲ್ಕು ತಿಂಗಳು ಕಾದು ಒಂದು ಹಾಸಿಗೆ ಪಡೆದಳು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬಂದು ದಾಖಲಾಗಬೇಕು. ತಪ್ಪಿದರೆ ಹಾಸಿಗೆ ಮುಂದಿನವರಿಗೆ.

“ಬಸ್ಸಲ್ಲೇ ಹೋಗೋಣ ರೀ” ಎಂದಳು ಶಾರದೆ, ಭಾನುವಾರ.

“ಮನೇಲಿ ಕಾರಿಟ್ಕೊಂಡು, ಕಣ್ಣು ಕಾಣದವರನ್ನ ಬಸ್ಸಿಗೆ ಹತ್ತಿಸ್ತೀಯಾ?” ಎಂದೆ.

ಅವಳು ಕಾರಿನ ಕಡೆ ಬೆರಳು ತೋರಿಸಿದಳು. “ನಾಳೆ ಒಂದು ದಿನ ನಿಲ್ಲಬಾರದು. ನಿಂತ್ರೆ ಅಪ್ಪ ಮತ್ತೆ ಒಪ್ಪಲ್ಲ. ಇದನ್ನ ನಿಮ್ಮ ಕಾರಿಗೂ ಹೇಳಿಡಿ.”

ನಾನು ಅಂದು ಇಡೀ ದಿನ ಕಾರಿನ ಅಡಿಯಲ್ಲಿದ್ದೆ. ಬಿಗಿ ಮಾಡಲು ಸಾಧ್ಯವಿದ್ದದ್ದನ್ನೆಲ್ಲ ಬಿಗಿ ಮಾಡಿದೆ. ಸಂಜೆ ಹೋಗಿ ಟ್ಯಾಂಕು ತುಂಬಿಸಿದೆ.

ಬೆಳಿಗ್ಗೆ ಏಳೂವರೆಗೆ ಹೊರಟೆವು. ಮಾವನವರು ಮುಂದಿನ ಸೀಟಿನಲ್ಲಿ, ಹಿಂದೆ ಶಾರದೆ, ಜತೆಗೆ ಹಾಸಿಗೆ ಸುರುಳಿ, ಫ್ಲಾಸ್ಕು, ತಿಂಡಿಯ ಡಬ್ಬಿ. ಜಾಲಹಳ್ಳಿ ಕ್ರಾಸಿನಲ್ಲೇ ಕಾರು ಕೆಮ್ಮಿತು. ಎಂದಿಗಿಂತ ಬೇಗ. ಇಳಿದೆ, ಮುಚ್ಚಳ ತೆಗೆದೆ, ಕೋಲು ಅದ್ದಿದೆ, ಮುಚ್ಚಿದೆ, ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಒರೆಸಿದೆ. ಇಪ್ಪತ್ತು ನಿಮಿಷ ಹೋಯಿತು. ಶುರುವಾಯಿತು. ಪ್ಲಗ್ಗೇ ಕಾರಣ ಎಂದು ಘೋಷಿಸಿದೆ. ಗೊರಗುಂಟೆಪಾಳ್ಯ ದಾಟುವ ಮೊದಲೇ ಮತ್ತೆ ನಿಂತಿತು. ಮತ್ತೆ ಮುಚ್ಚಳ, ಕೋಲು, ಮುಚ್ಚಳ. ಈ ಸಲ ಪಂಪಿಗೆ ಒದ್ದೆ ಬಟ್ಟೆ, ಕಿಡಿಯ ಪಾಯಿಂಟು ಉಜ್ಜಲು ಉಪ್ಪು ಕಾಗದ. ಅರ್ಧ ಗಂಟೆ. ಮಾವನವರು ಮಾತ್ರ ಕಿಟಕಿಯ ಮೇಲೆ ಮೊಣಕೈ ಊರಿ ಹಾಯಾಗಿ ಕೂತಿದ್ದರು. “ಗಂಟೆ ಎಷ್ಟಾಯ್ತು ಶಾರದಾ?” ಎಂದು ಆಗಾಗ ಕೇಳುತ್ತಿದ್ದರು. ಪಾಪ, ಎಷ್ಟು ಆತಂಕ ಎಂದುಕೊಂಡು ನಾನು ಇನ್ನಷ್ಟು ಜೋರಾಗಿ ಉಜ್ಜುತ್ತಿದ್ದೆ.

ಮೂರನೆಯ ಸಲ ಯಶವಂತಪುರದ ಹತ್ತಿರ ಕಾರು ನಿಂತಾಗ ಒಂಬತ್ತು ಗಂಟೆ ದಾಟಿತ್ತು. ಹಿಂದಿನ ಲಾರಿಯವನು ಹಾರನ್ ಹೊಡೆದು ಹೊಡೆದು, ಕೊನೆಗೆ ಅವನೇ ಇಳಿದು ಬಂದು ಕಾರನ್ನು ಪಕ್ಕಕ್ಕೆ ತಳ್ಳಿ, ಏನೂ ಅನ್ನದೆ ಹೋದ. ಬೈದಿದ್ದರೆ ಒಳ್ಳೆಯದಿತ್ತು. ಎರಡು ಆಟೋ ತುಂಬಿಕೊಂಡು ಹೋದವು, ಒಂದು ನಿಲ್ಲಲೇ ಇಲ್ಲ. ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬಾನೆಟ್ಟು ಎತ್ತಿದೆ, ಇಳಿಸಿದೆ. ಟ್ಯಾಂಕಿನ ಹತ್ತಿರ ಓಡಿದೆ, ಕೋಲು ಅದ್ದಿದೆ, ಮತ್ತೆ ಬಾನೆಟ್ಟಿನ ಹತ್ತಿರ ಬಂದೆ. ಆ ಓಡಾಟದಲ್ಲಿ ಕೋಲು ಚರಂಡಿಗೆ ಬಿತ್ತು. ಶಾರದೆ ಕಾದಂಬರಿ ತೆಗೆಯಲಿಲ್ಲ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ತಂದೆಯ ಮುಖವನ್ನೇ ನೋಡುತ್ತ ಕೂತಿದ್ದಳು.

“ಗಂಟೆ ಎಷ್ಟಾಯ್ತು ಮಗು?” ಎಂದರು ಮಾವನವರು.

“ಒಂಬತ್ತು ಇಪ್ಪತ್ತೈದು.”

“ಹೌದಾ” ಎಂದರು. ಅವರ ಮುಖದಲ್ಲಿ ಏನೋ ಬೆಳಕು ಹಾದಂತಾಯಿತು.

“ಅಪ್ಪ” ಎಂದಳು ಶಾರದೆ ನಿಧಾನವಾಗಿ, “ನಾನು ಟೈಮ್ ಹೇಳಿದಾಗಲೆಲ್ಲ ನಿಮಗೆ ಸಂತೋಷ ಆಗ್ತಿದೆ. ನಾನು ನೋಡ್ತಾನೇ ಇದ್ದೀನಿ. ಗಾಡಿಗೇನಾಗಿದೆ ಅಂತ ನಿಮಗೆ ಗೊತ್ತು ಅಲ್ವಾ?”

ಪಕ್ಕದಲ್ಲಿ ಒಂದು ಬಸ್ಸು ಹೋಯಿತು. ಮಾವನವರು ಅದರ ಸದ್ದು ಪೂರ್ತಿ ಅಡಗುವವರೆಗೂ ಕಾದು, “ಜಾಲಹಳ್ಳೀಲೇ ಗೊತ್ತಾಯ್ತು” ಎಂದರು.

ನನ್ನ ಕೈಯಲ್ಲಿ ಸ್ಪ್ಯಾನರು ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಗೊತ್ತಿದ್ದೂ ಸುಮ್ಮನಿದ್ರಾ?” ಎಂದಳು ಶಾರದೆ.

“ಸುಮ್ಮನಿದ್ದೆ. ನಿನ್ನ ಹತ್ತಿರ ಸುಳ್ಳು ಯಾಕೆ.” ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಹರಡಿ ನೋಡಿಕೊಂಡರು, ಕಣ್ಣು ಕಾಣುವವರಂತೆ. “ಬೆಂಕಿ ಮುಂದೆ ಅಷ್ಟು ವರ್ಷ ನಿಂತವನು. ಒಂದು ಸಲ ಘಾಟಿನಲ್ಲಿ ಬ್ರೇಕು ಹಿಡೀದೇ ಇದ್ದಾಗಲೂ ಹೆದರಲಿಲ್ಲ ಕಣಮ್ಮ. ಯಾಕೆ ಅಂದ್ರೆ ಏನಾದ್ರೂ ಮಾಡೋಕೆ ಕೈಯಲ್ಲಿ ಕೆಲಸ ಇತ್ತು. ಅಲ್ಲಿ ಕಣ್ಣಿಗೆ ಕತ್ತಿ ಹಾಕೋವಾಗ ಅಲ್ಲಾಡದೆ ಮಲಗಬೇಕಂತೆ. ಆಮೇಲೂ ತಲೆ ಅತ್ತಿತ್ತ ಮಾಡದೆ ದಿನಗಟ್ಟಲೆ ಮಲಗಬೇಕಂತೆ. ಅದು ನನ್ನ ಕೈಲಾಗಲ್ಲ ಅನ್ನಿಸ್ತು.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸುಮ್ಮನೆ ಮಲಗುವುದು ಎಷ್ಟು ಕಷ್ಟ ಎಂದು ಆ ರಸ್ತೆಯಲ್ಲಿ ಚೆನ್ನಾಗಿ ಗೊತ್ತಿದ್ದವನು ನಾನೊಬ್ಬನೇ. ಶಾರದೆ ಹಿಂದಿನಿಂದ ಕೈ ಚಾಚಿ ತಂದೆಯ ಭುಜದ ಮೇಲಿಟ್ಟಳು. “ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತೀನಿ. ಒಳಗೆ ಬಿಡದಿದ್ರೆ ಬಾಗಿಲಲ್ಲಿ ಕೂರ್ತೀನಿ. ಅಪ್ಪ, ನೀವು ನನ್ನ ಮುಖ ನೋಡಿ ಮೂರು ವರ್ಷ ಆಯ್ತು” ಎಂದಳು.

ಮಾವನವರು ಮಗಳ ಕೈಯನ್ನು ಒಮ್ಮೆ ತಟ್ಟಿ ನನ್ನ ಕಡೆ, ಅಂದರೆ ನಾನಿರಬಹುದಾದ ಕಡೆ ತಿರುಗಿ, “ಅಳಿಯಂದ್ರೇ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಏನಾದ್ರೂ ಮಾಡಿದ್ದೀರಾ?” ಎಂದರು.

ಮಾಡಿದ್ದೆ. ಈ ರೋಗ ಅಂಟುವ ಸ್ವಲ್ಪ ಮೊದಲು, ಪೆಟ್ರೋಲಿನ ಬೆಲೆ ಏರಿದಾಗ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ, ಅರ್ಧ ಪೆಟ್ರೋಲು ಮುಚ್ಚಳದ ಸಂದಿಯಿಂದ ಆವಿಯಾಗಿ ಹೋಗುತ್ತದೆ ಎಂದಿದ್ದರು. ಅದನ್ನು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಆ ಭಾನುವಾರವೇ ಸೈಕಲ್ ಟ್ಯೂಬು ಕತ್ತರಿಸಿ ಬಳೆಯಂತೆ ಮಾಡಿ ಮುಚ್ಚಳದೊಳಗೆ ಕೂರಿಸಿದ್ದೆ. ಮುಚ್ಚಳದ ನಡುವೆ ತಯಾರಿಸಿದವರು ಒಂದು ಸಣ್ಣ ತೂತು ಬಿಟ್ಟಿದ್ದರು. ಅದು ತಪಾಸಣೆಯಲ್ಲಿ ತಪ್ಪಿಹೋದ ದೋಷವೆಂದು ತೀರ್ಮಾನಿಸಿ ಅರಗು ತುಂಬಿದ್ದೆ. ಇದನ್ನೆಲ್ಲ ಸಣ್ಣ ಧ್ವನಿಯಲ್ಲಿ ಹೇಳಿದೆ.

“ಅದೇ” ಎಂದರು ಮಾವನವರು. “ನೀವು ಮುಚ್ಚಳ ತೆಗೆದಾಗಲೆಲ್ಲ ಸುಯ್ ಅಂತ ಗಾಳಿ ಒಳಗೆ ನುಗ್ಗೋದು ಕೇಳಿಸ್ತಿತ್ತು. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ರೆ ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಕಟ್ಟುತ್ತೆ, ಪಂಪು ಎಷ್ಟು ಎಳೆದ್ರೂ ಪೆಟ್ರೋಲ್ ಬರಲ್ಲ. ವ್ಯಾಕ್ಯೂಮ್ ಮೇಲೇ ನಮ್ಮ ರೈಲಿನ ಬ್ರೇಕು ನಡೀತಿದ್ದದ್ದು, ಆ ಸದ್ದು ನನಗೆ ನಿದ್ದೇಲೂ ಗೊತ್ತಾಗುತ್ತೆ. ಇವತ್ತು ಟ್ಯಾಂಕ್ ತುಂಬಿದೆ, ಒಳಗೆ ಗಾಳಿಗೆ ಜಾಗವೇ ಇಲ್ಲ. ಅದಕ್ಕೇ ಮೈಲಿಗೊಂದು ಸಲ ನಿಲ್ತಿದೆ.”

ಹೊಸ ಪಂಪು, ಹೊಸ ಕಾಯಿಲು, ಮೂರು ಸಲ ತೊಳೆದ ಕಾರ್ಬೊರೇಟರು ಇವೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ನಾನು ಪ್ರತಿ ಸಲವೂ ಮುಚ್ಚಳ ತೆಗೆದು ಕಾರನ್ನು ಗುಣಪಡಿಸಿ, ಮತ್ತೆ ಬಿಗಿಯಾಗಿ ಮುಚ್ಚಿ ರೋಗ ಹಚ್ಚಿ, ನಡುವೆ ಒರೆಸಿದ ಪ್ಲಗ್ಗಿಗೆ ಕೀರ್ತಿ ಕೊಟ್ಟಿದ್ದೆ. ಶಾರದೆ ತಲೆಯಿಂದ ಒಂದು ಪಿನ್ನು ತೆಗೆದು ನನ್ನ ಕೈಗಿತ್ತಳು. ನಾನು ಅರಗು ಕೆದಕಿ ತೂತು ಬಿಡಿಸಿ, ಟ್ಯೂಬಿನ ಬಳೆಯನ್ನು ಕಿತ್ತು ಚರಂಡಿಗೆ ಎಸೆದೆ. ಕಾರು ಶುರುವಾಯಿತು. ಮಲ್ಲೇಶ್ವರ ದಾಟಿತು. ಎಲ್ಲಿಯೂ ಕೆಮ್ಮಲಿಲ್ಲ.

ವಾರ್ಡು ಮುಟ್ಟಿದಾಗ ಹತ್ತು ಗಂಟೆ ಹತ್ತು ನಿಮಿಷ. ಪಟ್ಟಿ ಹಿಡಿದು ನಿಂತಿದ್ದ ನರ್ಸಮ್ಮ, “ಇನ್ನೈದು ನಿಮಿಷ ನೋಡಿ ಬೇರೆಯವರಿಗೆ ಕೊಡೋಳಿದ್ದೆ. ಯಾಕಿಷ್ಟು ಲೇಟು?” ಎಂದು ಗದರಿದರು. ಮಾವನವರು ಶಾರದೆಯ ಕೈ ಹಿಡಿದೇ, “ನಂದೇ ತಪ್ಪು ತಾಯಿ. ಹಸಿರು ದೀಪ ಇತ್ತು, ನಾನೇ ಗಾಡಿ ನಿಲ್ಲಿಸ್ಕೊಂಡಿದ್ದೆ” ಎಂದರು. ನರ್ಸಮ್ಮನಿಗೆ ಅರ್ಥವಾಗಲಿಲ್ಲ. ಹಾಸಿಗೆ ಮಾತ್ರ ತೋರಿಸಿದರು.

ಚಿಕಿತ್ಸೆ ಸುಸೂತ್ರವಾಯಿತು. ಅಲ್ಲಾಡದೆ ಮಲಗಿದ್ದ ಆ ದಿನಗಳಲ್ಲಿ ಮಾವನವರು ಮಗಳಿಗೆ ಒಂದೊಂದೇ ನಿಲ್ದಾಣದ ಕಥೆ ಹೇಳುತ್ತ ಅರಸೀಕೆರೆಯಿಂದ ಹುಬ್ಬಳ್ಳಿಯವರೆಗೆ ಹೋಗಿ ವಾಪಸು ಬಂದರಂತೆ. ತಿಂಗಳ ಮೇಲೆ ಮತ್ತೆ ಆಸ್ಪತ್ರೆಗೆ ಹೋದಾಗ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಅವರು ಮೊದಲು ಶಾರದೆಯನ್ನು ಬಹಳ ಹೊತ್ತು ನೋಡಿದರು. “ಕೂದಲು ಬೆಳ್ಳಗಾಗಿದೆಯಲ್ಲ ಮಗು” ಎಂದರು. ಅವಳು ನಕ್ಕು ನನ್ನ ಕಡೆ ನೋಡಿದಳು. ನಾನು ಕಾರು ತರುತ್ತೇನೆಂದು ಹೊರಗೆ ಬಂದೆ.

ಮನೆಗೆ ಬರುವ ದಾರಿಯಲ್ಲಿ ಮಾವನವರು ಮುಂದೆ ಕೂತು ಕಂಡದ್ದನ್ನೆಲ್ಲ ಓದಿದರು. ಸೋಡಾ ಅಂಗಡಿ, ಟೈಲರ್ ಅಂಗಡಿ, ಸಿಮೆಂಟ್ ಗೋದಾಮು. ಯಶವಂತಪುರ ದಾಟಿದ ಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ಅವರು ಕತ್ತು ಬಗ್ಗಿಸಿ ನನ್ನ ಕಾಲಿನ ಕಡೆ ನೋಡುತ್ತಿದ್ದರು.

“ಅಳಿಯಂದ್ರೇ, ಎಡಗಾಲಿಗೆ ಏನಾದ್ರೂ ನೋವಿದೆಯಾ?”

“ಇಲ್ಲವಲ್ಲ ಮಾವ.”

“ಮತ್ತೆ ಅದು ಕ್ಲಚ್ ಮೇಲೇ ಯಾಕೆ ಕೂತಿದೆ?”

ನೋಡಿಕೊಂಡೆ. ಕೂತಿತ್ತು. ಮುಂದೆ ಏನಾಗುತ್ತದೋ, ಯಾವಾಗ ಗೇರು ಬದಲಾಯಿಸಬೇಕಾಗುತ್ತದೋ ಎಂದು ಆ ಕಾಲು ಎರಡು ವರ್ಷದಿಂದ ಅರ್ಧ ಒತ್ತಿಕೊಂಡೇ ಕೂತಿತ್ತಂತೆ. ಅಷ್ಟು ಒತ್ತಿದರೆ ಪ್ಲೇಟು ಜಾರುತ್ತ, ಕಾಯುತ್ತ ಸವೆಯದೆ ಇನ್ನೇನಾಗುತ್ತದೆ ಎಂದು ಮಾವನವರು ಬಹಳ ಮರ್ಯಾದೆಯಿಂದ ವಿವರಿಸಿದರು. ಕಾಲು ತೆಗೆದು ಪಕ್ಕಕ್ಕಿಟ್ಟೆ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಅದು ತಾನಾಗಿಯೇ ವಾಪಸು ಹೋಗಿತ್ತು. ಅವರು ಊರುಗೋಲಿನಿಂದ ಮೆಲ್ಲಗೆ ತಟ್ಟಿದರು. ದಾಸರಹಳ್ಳಿ ಬರುವವರೆಗೆ ಹನ್ನೊಂದು ಸಲ ತಟ್ಟಿದರು. ಎಣಿಸಿದ್ದು ಶಾರದೆ.

ಮುಂದಿನ ತಿಂಗಳು ಅವಳು ತಾನೇ ಓಡಿಸಲು ಕಲಿಯುವುದಾಗಿ ಹೇಳಿದಳು. ಕಲಿಯುವವರ ಲೈಸೆನ್ಸು ಮಾಡಿಸಿಕೊಟ್ಟೆ, ಒಂದು ವಾರದಲ್ಲಿ ಬೇಸರವಾಗಿ ಬಿಡುತ್ತಾಳೆಂದು. ಭಾನುವಾರ ಪೀಣ್ಯದ ಕಾರ್ಖಾನೆಗಳ ನಡುವಿನ ರಸ್ತೆಗಳು ಖಾಲಿ. ಅಲ್ಲಿ ನಾನು ಅವಳ ಪಕ್ಕದಲ್ಲಿ ಕೂತು ಹೇಳಿಕೊಡಲು ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಮೂರು ಸಲ ಸ್ಟೀರಿಂಗಿಗೆ ಕೈ ಹಾಕಿದೆನಂತೆ. ಮರುವಾರದಿಂದ ನಾನು ಪಕ್ಕದಲ್ಲಿ ಕೈಕಟ್ಟಿ ಕೂತೆ, ಮಾವನವರು ಹಿಂದಿನ ಸೀಟಿನಲ್ಲಿ ಅವಳ ಬೆನ್ನಿಗೆ ಕೂತು, ಕಣ್ಣು ಮುಚ್ಚಿ, ಸದ್ದು ಕೇಳಿಯೇ ಹೇಳಿಕೊಟ್ಟರು. “ಈಗ ಇಂಜಿನ್ ಗೇರ್ ಕೇಳ್ತಿದೆ ನೋಡು, ಬದಲಾಯಿಸು. ಅವಸರ ಇಲ್ಲ.” ಎರಡೂವರೆ ತಿಂಗಳಲ್ಲಿ ಅವಳಿಗೆ ಪೂರ್ತಿ ಲೈಸೆನ್ಸು ಬಂತು.

ಈಗ ಕಾರನ್ನು ಅವಳೇ ಓಡಿಸುತ್ತಾಳೆ. ಮಾವನವರು ಮುಂದೆ ಕೂರುತ್ತಾರೆ. ನಾನು ಹಿಂದೆ, ತರಕಾರಿ ಚೀಲದ ಜತೆ. ಈಗಲೂ ನನಗೆ ಎಡಗಡೆ ಕಟಕಟ ಕೇಳಿಸುತ್ತದೆ. ಹೇಳಿದರೆ, “ಸದ್ದು ಬರ್ತಿದೆ ಅಂದ್ರೆ ಓಡ್ತಿದೆ ಅಂತ ಅರ್ಥ, ಸುಮ್ಮನೆ ಕೂತ್ಕೊಳ್ಳಿ” ಎನ್ನುತ್ತಾಳೆ.

ಮೊನ್ನೆ ಬಸ್ ನಿಲ್ದಾಣದ ಹತ್ತಿರ ಬಚ್ಚಣ್ಣ ಸಿಕ್ಕಿದ. ನನ್ನನ್ನು ಕಂಡು ಅವನ ಮುಖದಲ್ಲಿ ನಿಜವಾದ ಕಳವಳ ಕಾಣಿಸಿತು.

“ಏನ್ ಸಾರ್, ಏಳು ತಿಂಗಳಾಯ್ತು ನಮ್ ಕಡೆ ಬಂದೇ ಇಲ್ಲ. ಗಾಡಿ ಮಾರ್ಬುಟ್ರಾ?”

“ಇಲ್ಲ ಬಚ್ಚಣ್ಣ. ಡ್ರೈವರ್ ಬದಲಾಯಿಸಿದ್ವಿ.”

“ಓ. ಒಳ್ಳೇ ಡ್ರೈವರ್ ಸಿಕ್ಕೋದು ಕಷ್ಟ ಸಾರ್. ಸಂಬಳ ಎಷ್ಟು ಕೊಡ್ತೀರ?”

“ಕಾರ್ಖಾನೇಲಿ ನನಗೆ ಬರೋದಷ್ಟನ್ನೂ ಕೊಟ್ಟುಬಿಡ್ತೀನಿ” ಎಂದೆ.

ಬಚ್ಚಣ್ಣ ನಗಲಿಲ್ಲ. ಸ್ವಲ್ಪ ಯೋಚಿಸಿ, ತಲೆದೂಗಿ, “ಕೊಡ್ರಿ ಸಾರ್, ನೀವು ಓಡಿಸೋದ್ಕಿಂತ ಅಗ್ಗವೇ ಬೀಳ್ತದೆ” ಎಂದ.